ಅಧ್ಯಯನ ಮಂಡಳಿಗೆ ಹೋಗಲೋ ಬೇಡವೋ?

ಪ್ರಶ್ನೆ: ನಾನು ಮೇಡ್ಲೇರಿಯವಳು. ರಾಣೆಬೆನ್ನೂರಿನ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ಸಲ ನಮ್ಮ ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗೆ ನನ್ನ ಹೆಸರು ಬಂದಿದೆ. ಮನೆಯಲ್ಲಿ "ಬಿಟ್ಟಿ ಚಾಕರಿ ಯಾಕ ಬೇಕು?" ಅನ್ನುತ್ತಾರೆ. ಸಹೋದ್ಯೋಗಿಗಳು "ಹಿರಿಯರು ಹೇಳಿದ್ದಕ್ಕ ಸಹಿ ಹಾಕೋದಷ್ಟ ಅಲ್ಲಿ ಕೆಲಸ" ಅನ್ನುತ್ತಾರೆ. ಇಬ್ಬರು ಸಣ್ಣ ಮಕ್ಕಳು, ಅತ್ತೆಯವರಿಗೆ ಮಂಡಿನೋವು. ಒಪ್ಪಿಕೊಂಡರೆ ನನಗೆ ಸಿಗುವುದಾದರೂ ಏನು?

ಉತ್ತರ: ತಂಗೀ, ದುಡ್ಡಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಪ್ರಯಾಣ ಭತ್ಯೆ, ಸಭಾ ಭತ್ಯೆ ಬಿಟ್ಟರೆ ಹೆಚ್ಚೇನೂ ಕೈಗೆ ಹತ್ತುವುದಿಲ್ಲ. ಬಡ್ತಿಗೆ ತುಸು ನೆರವಾದೀತು: ಯುಜಿಸಿಯ 2018ರ ನಿಯಮಾವಳಿಯಲ್ಲಿ ಹೊಸ ಪಠ್ಯಕ್ರಮ ರೂಪಿಸಿದ್ದಕ್ಕೆ ತಲಾ 2 ಅಂಕವಿದೆ. ಇಷ್ಟಕ್ಕಾಗಿಯೇ ಹೋಗುವುದಾದರೆ ನಾನೂ ಬೇಡವೆನ್ನುತ್ತಿದ್ದೆ. ನಿಜವಾದ ಲಾಭ ಬೇರೆ ಇದೆ.

ನಮ್ಮ ಸೀಮೆಯ ಹುಡುಗರು ಏನು ಓದಬೇಕೆಂಬುದು ಬಹುಕಾಲ ದೂರದಲ್ಲೇ ತೀರ್ಮಾನವಾಗುತ್ತಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಮುಂಬಯಿಯಲ್ಲಿ, ಆಮೇಲೆ ಧಾರವಾಡದಲ್ಲಿ. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಶುರುವಾದ ಮೇಲಷ್ಟೇ ಆ ಮಾತುಕತೆ ಮನೆ ಹತ್ತಿರ ಬಂದಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದಾಗ ನನಗೆ ಸಂಕಟವಾದದ್ದು ಇದಕ್ಕೇ.

ಪಠ್ಯಕ್ರಮದ ಹಾಳೆ ನಿಮಗೆ ಹೊಸದಲ್ಲ. ಎಡಗಡೆ ಘಟಕ, ಬಲಗಡೆ ಬೋಧನಾ ತಾಸು. ಹಳಗನ್ನಡದ ಕಾವ್ಯಭಾಗವೊಂದರ ಮುಂದೆ ತಾಸಿನ ಲೆಕ್ಕ ಬರೆಯುವವರಿಗೆ, ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ತಾಲ್ಲೂಕು ಕಾಲೇಜಿನಲ್ಲಿ ಸೆಮಿಸ್ಟರಿನ ಮೊದಲ ವಾರಗಳು ಸುಮ್ಮನೆ ಕಳೆದುಹೋಗುವುದು ಗೊತ್ತಿರಲಿಕ್ಕಿಲ್ಲ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿಸಿಕೊಳ್ಳುವ ಹುಡುಗಿ, ಗೋವಿನಜೋಳದ ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಹುಡುಗ ನಿಮ್ಮ ಎದುರಿಗೇ ಕೂತಿದ್ದಾರೆ. ಎಲ್ಲಿ ಅವರ ಮುಖ ಬಾಡುತ್ತದೆ, ಎಲ್ಲಿ ಕಣ್ಣರಳುತ್ತದೆ ಎಂದು ಬಲ್ಲವರು ನೀವು. ನಿಮ್ಮ ಮಾತಿನಿಂದ ಒಂದು ಘಟಕ ಹದಕ್ಕೆ ಬಂದರೆ, ನೀವೆಂದೂ ಕಾಣದ ಮಕ್ಕಳಿಗೂ ಅದು ಮುಟ್ಟುತ್ತದೆ. ಒಬ್ಬ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸಂಬಳ ನಾನು ಕಾಣೆ.

ಇನ್ನೊಂದು ಲಾಭ ಓದಿನದು. ಕವಿ ಸು.ರಂ. ಎಕ್ಕುಂಡಿ ಹುಟ್ಟಿದ್ದು ನೀವು ದಿನಾ ಬಸ್ಸಿಳಿಯುವ ರಾಣೆಬೆನ್ನೂರಿನಲ್ಲೇ, 1923ರಲ್ಲಿ. ಬಂಕಿಕೊಡ್ಲದಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವರ 'ಬಕುಲದ ಹೂವುಗಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಮಾರಿದ ಕಾದಂಬರಿಕಾರ ಗಳಗನಾಥರೂ ಹಾವೇರಿ ಜಿಲ್ಲೆಯವರೇ. ನಿಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಇವರನ್ನು ಓದಿದ್ದಾರೆ? ಬರೀ ಊರ ಅಭಿಮಾನಕ್ಕೆ ಸೇರಿಸಿ ಎನ್ನುತ್ತಿಲ್ಲ. ಎಕ್ಕುಂಡಿಯವರ ಕಥನಕವನಗಳನ್ನು ಮತ್ತೆ ಓದಿ, ತರಗತಿಗೆ ಒಗ್ಗುವ ಒಂದನ್ನು ಆರಿಸಿ, ಅದು ಏಕೆ ಬೇಕೆಂದು ಅರ್ಧ ಪುಟ ಬರೆದು ಒಯ್ಯಿರಿ. ಹಳೇ ನೋಟ್ಸಿನಲ್ಲೇ ವರ್ಷ ದೂಡುವ ಜಡ್ಡು ಇದರಿಂದ ಬಿಡುತ್ತದೆ. ಬ್ಯಾಡಗಿ, ಹಾನಗಲ್ಲಿನ ಕಾಲೇಜುಗಳವರ ಸ್ನೇಹವೂ ಆಗುತ್ತದೆ.

ಸಹಿಯ ವಿಚಾರದಲ್ಲಿ ನಿಮ್ಮ ಸಹೋದ್ಯೋಗಿಗಳ ಮಾತು ಪೂರ್ತಿ ಸುಳ್ಳಲ್ಲ. ಕಾರ್ಯಸೂಚಿಯನ್ನು ಮೊದಲೇ ತರಿಸಿಕೊಂಡು ಓದಿ. ಎಲ್ಲದಕ್ಕೂ ಬಾಯಿ ಹಾಕದೆ ಒಂದೆರಡು ವಿಷಯಕ್ಕೆ ಗಟ್ಟಿಯಾಗಿ ನಿಲ್ಲಿ. ಒಪ್ಪದಿದ್ದರೆ ನಿಮ್ಮ ಅಭಿಪ್ರಾಯ ನಡಾವಳಿಯಲ್ಲಿ ಬರಲಿ ಎಂದು ಕೇಳಿ. ಪ್ರಕಾಶಕರ ಕಡೆಯವರು ಮನೆಗೆ ಬಂದರೆ ಹೊಸ್ತಿಲಲ್ಲೇ ನಮಸ್ಕಾರ ಹೇಳಿ ಕಳಿಸಿ.

ಮನೆಯ ಚಿಂತೆ ದೊಡ್ಡದೇ, ಆದರೆ ಸಭೆಗಳು ವಾರವಾರ ಇರುವುದಿಲ್ಲ. ನಮ್ಮ ರಾಜ್ಯದ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದ 2021-22ರಲ್ಲಿ, ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ 2024-25ರಲ್ಲಿ ಆದಂತೆ, ಪಠ್ಯ ಬದಲಾಗುವ ಕಾಲದಲ್ಲಿ ಮಾತ್ರ ಒತ್ತಡ ಹೆಚ್ಚು. ಸಭೆಯ ದಿನ ಅತ್ತೆಯವರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮ ಯಜಮಾನರದು. ಅದನ್ನು ಇವತ್ತೇ ಕೂತು ಮಾತಾಡಿ. ಪ್ರಾಂಶುಪಾಲರಿಂದ ಅನ್ಯಕಾರ್ಯ ನಿಮಿತ್ತದ (ಓಓಡಿ) ಅನುಮತಿ ಬರೆಸಿಕೊಳ್ಳಿ, ತಪ್ಪಿದ ತರಗತಿಯನ್ನು ಅದೇ ವಾರ ತೆಗೆದುಕೊಳ್ಳಿ, ಒಪ್ಪಿಗೆ ಪತ್ರ ತಡಮಾಡದೆ ಕಳಿಸಿ.