ಕೋಲಾರದ ಗಣಿಯೂ ಪರಮಾಣುವಿನ ಒಡಲೂ

ಗಡಿಗೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ, ನಾದವನ್ನಾಲಿಸಿ, ಕಾಣದ ಬಿರುಕನ್ನು ಗುರುತಿಸುತ್ತಾಳೆ. ಪರಮಾಣುವಿನ ಬೀಜಕೇಂದ್ರವನ್ನು ಅರಿಯುವ ಮಾರ್ಗವೂ ಇಂಥದೇ. 1950ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ ಅವರು ವೇಗದ ಎಲೆಕ್ಟ್ರಾನುಗಳನ್ನು ಬೀಜಕೇಂದ್ರಗಳತ್ತ ಹಾಯಿಸಿ, ಅವು ಚದುರಿದ ಬಗೆಯಿಂದ ಅದರ ಗಾತ್ರವನ್ನು ಕಂಡುಕೊಂಡರು. 1961ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ವಿದ್ಯುದಾವೇಶವಿಲ್ಲದ ನ್ಯೂಟ್ರಿನೋ ಹೀಗೆ ಸುಲಭವಾಗಿ ತಟ್ಟುವ ಕಣವಲ್ಲ. ಸೂರ್ಯನಿಂದ ಬರುವ ಇಂಥ ಕಣಗಳು ನಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6 ಸಾವಿರ ಕೋಟಿಯಂತೆ ಹಾಯ್ದುಹೋಗುತ್ತವೆ. ನಮಗೆ ಅರಿವೇ ಆಗದು. ಆದರೂ 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ದೊರೆಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಆ ತಂಡದಲ್ಲಿ ಎಂ.ಜಿ.ಕೆ. ಮೆನನ್ ಅವರೊಡನೆ ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರೂ ಇದ್ದರು. ಕನ್ನಡಿಗರಾದ ನಮಗೆ ಇದು ಹೆಮ್ಮೆಯ ಸಂಗತಿ. ಆದರೆ ಅವರು ಕಂಡದ್ದು ನ್ಯೂಟ್ರಿನೋವನ್ನಲ್ಲ. ಅದು ಬಂಡೆಯೊಳಗಿನ ಬೀಜಕೇಂದ್ರಕ್ಕೆ ಬಡಿದಾಗ ಹುಟ್ಟಿದ ಮ್ಯೂಯಾನ್ ಕಣದ ಜಾಡನ್ನು.

ತೊಡಕಿರುವುದು ಇಲ್ಲಿಯೇ. ಎಲೆಕ್ಟ್ರಾನ್ ಪ್ರಯೋಗದಲ್ಲಿ ಬಡಿಯುವ ಕಣದ ಶಕ್ತಿ ಮೊದಲೇ ಗೊತ್ತು. ನ್ಯೂಟ್ರಿನೋದ ಶಕ್ತಿಯನ್ನಾದರೋ ಮ್ಯೂಯಾನಿನ ಶಕ್ತಿ ಹಾಗೂ ಕೋನಗಳಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಬಡಿಸಿಕೊಂಡ ನ್ಯೂಟ್ರಾನು ನಿಶ್ಚಲವಾಗಿದ್ದರೆ ಈ ಲೆಕ್ಕ ಸರಳ. ಶಾಲೆಯ ಕಪ್ಪುಹಲಗೆಯ ಮೇಲೆ ನಾವು ಪ್ರೋಟಾನು, ನ್ಯೂಟ್ರಾನುಗಳನ್ನು ಗುಡ್ಡೆಹಾಕಿದ ಗೋಲಿಗಳಂತೆ ಬರೆದೆವಲ್ಲ, ಆ ಚಿತ್ರವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾರ್ಬನ್ನಿನ ಬೀಜಕೇಂದ್ರದಲ್ಲಿ ಅವು ಬೆಳಕಿನ ವೇಗದ ಐದನೆಯ ಒಂದು ಪಾಲಿನವರೆಗೂ ಓಡಾಡುತ್ತಿರುತ್ತವೆ. ತುಂಗಭದ್ರೆಯ ದಡದಲ್ಲಿ ಕಟ್ಟಿದ ಹರಿಗೋಲಿಗೂ ಸುಳಿಯಲ್ಲಿ ತಿರುಗುವ ಹರಿಗೋಲಿಗೂ ಒಂದೇ ಸಮನಾಗಿ ತಳ್ಳು ಕೊಟ್ಟರೆ ಎರಡೂ ಒಂದೇ ರೀತಿ ಸಾಗುವವೇ?

ಈ ಓಡಾಟವನ್ನಷ್ಟೇ ಪರಿಗಣಿಸಿದ ಸರಳ ಮಾದರಿಯು ಬಹುಕಾಲ ಬಳಕೆಯಲ್ಲಿತ್ತು. 2010ರಲ್ಲಿ ಅಮೆರಿಕದ ಮಿನಿಬೂನ್ ಪ್ರಯೋಗವು ಕಾರ್ಬನ್ನಿನಲ್ಲಿ ಅದರ ಎಣಿಕೆಗಿಂತ ಹೆಚ್ಚು ಡಿಕ್ಕಿಗಳನ್ನು ವರದಿ ಮಾಡಿತು. ಒಂದು ಕಣಕ್ಕೆ ಬಿದ್ದ ಪೆಟ್ಟು ಅದರ ಜೊತೆಗಾರನನ್ನೂ ಹೊರದೂಡಬಲ್ಲದು ಎಂಬುದನ್ನು ಲೆಕ್ಕಕ್ಕೆ ಸೇರಿಸಿದ ಮಾದರಿಗಳು ಈ ಅಂತರವನ್ನು ಬಹುಮಟ್ಟಿಗೆ ವಿವರಿಸಿದವು. ಜೋಡಿಯನ್ನು ಮರೆತರೆ ನ್ಯೂಟ್ರಿನೋದ ಶಕ್ತಿಯನ್ನು ಕಡಿಮೆಯೆಂದು ಎಣಿಸುವ ಅಪಾಯವುಂಟು. ಆಗ ಅದು ದಾರಿಯಲ್ಲಿ ರೂಪ ಬದಲಿಸುವ ವಿದ್ಯಮಾನದ ಅಳತೆಯೂ ತಪ್ಪುತ್ತದೆ.

ಆದುದರಿಂದ ಯಾವುದೇ ಮಾದರಿಯನ್ನು ಮೊದಲು ಎಲೆಕ್ಟ್ರಾನಿನ ಒರೆಗೆ ಹಚ್ಚುವುದು ರೂಢಿ. ಅದರಲ್ಲಿ ಗೆದ್ದರೂ ಪರೀಕ್ಷೆ ಅರ್ಧ ಮಾತ್ರ ಮುಗಿದಂತೆ. ನ್ಯೂಟ್ರಿನೋ ತಾಗುವ ದುರ್ಬಲ ಬಲದ ಒಂದು ಅಂಶವು ಎಲೆಕ್ಟ್ರಾನಿನ ವಿದ್ಯುತ್ ಸ್ಪರ್ಶಕ್ಕೆ ಸಿಗುವುದೇ ಇಲ್ಲ. ದ್ರವ ಆರ್ಗಾನ್ ತುಂಬಿದ ಬೃಹತ್ ನ್ಯೂಟ್ರಿನೋ ಶೋಧಕಗಳಿಗೆ ನೆರವಾಗಲೆಂದು ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ 2017ರಲ್ಲಿ ಆರ್ಗಾನನ್ನೇ ಎಲೆಕ್ಟ್ರಾನುಗಳಿಂದ ತಟ್ಟಿ ನೋಡಿದರು.