ಜೇಬಿನ ಚಾಕು

ಬೆಂಗಳೂರಿನ ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಳಗಿನ ಹೊತ್ತು ಸ್ವಲ್ಪ ಕಾಲ ನಿಂತು ನೋಡಿದವರಿಗೆ ಒಂದು ಸಂಗತಿ ಬೇಗನೆ ಕಣ್ಣಿಗೆ ಬೀಳುತ್ತದೆ. ಅಲ್ಲಿ ದುಡಿಯುವ ಪ್ರತಿಯೊಂದು ಕೈಯಲ್ಲಿಯೂ ಒಂದೊಂದೇ ಉಪಕರಣವಿರುತ್ತದೆ. ಮೂಟೆ ಎಳೆಯುವ ಹಮಾಲಿಯ ಕೈಯಲ್ಲಿ ಕಬ್ಬಿಣದ ಕೊಕ್ಕೆ. ಗೋಣಿಯ ಬಾಯಿ ಹೊಲಿಯುವವನ ಬೆರಳುಗಳಲ್ಲಿ ದಬ್ಬಣ. ಕಾಳಿನ ಗುಣವನ್ನು ನೋಡಬೇಕಾದ ವ್ಯಾಪಾರಿಯ ಕೈಯಲ್ಲಿ, ಚೀಲಕ್ಕೆ ಚುಚ್ಚಿ ಒಂದಿಷ್ಟು ಕಾಳನ್ನು ಹೊರತೆಗೆಯುವ ಚೂಪು ಕೊಳವೆ. ಒಬ್ಬನ ಉಪಕರಣ ಮತ್ತೊಬ್ಬನಿಗೆ ಬೇಕಿಲ್ಲ. ದಿನವೆಲ್ಲ ಒಂದೇ ಕೆಲಸ ಮಾಡುವವನಿಗೆ ಒಂದೇ ಉಪಕರಣ ಸಾಕು.

ಆದರೆ ಮನೆಯಿಂದ ಹೊರಡುವಾಗ ದಾರಿಯಲ್ಲಿ ಯಾವ ಕೆಲಸ ಎದುರಾದೀತೆಂಬುದು ತಿಳಿಯದವನ ಪಾಡು ಬೇರೆ. ಹೊಲಕ್ಕೆ ಹೋಗುವ ರೈತನ ಕಾಲಿಗೆ ಮುಳ್ಳು ಚುಚ್ಚಬಹುದು. ಪ್ರಯಾಣಿಕನ ಪೆಟ್ಟಿಗೆಯ ತಿರುಪು ಸಡಿಲವಾಗಬಹುದು. ಸೈನಿಕನಿಗೆ ಡಬ್ಬಿಯ ಆಹಾರವನ್ನು ತೆರೆಯಬೇಕಾಗಬಹುದು. ಇಂಥವರಿಗಾಗಿ ಮನುಷ್ಯನು ಬಹು ಹಿಂದೆಯೇ ಹಲವು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಅಥವಾ ಒಂದೇ ಬಳೆಯಲ್ಲಿ ಕೂಡಿಸುವ ಉಪಾಯವನ್ನು ಕಂಡುಕೊಂಡನು.

ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದಿನವರು ಉಡಿದಾರಕ್ಕೋ ಎಲೆಯಡಿಕೆಯ ಸಂಚಿಗೋ ಮುಳ್ಳು ಕೀಳುವ ಚಿಮಟವನ್ನು ಕಟ್ಟಿಕೊಂಡಿರುತ್ತಿದ್ದರು. ಅದರ ಜೊತೆಗೆ ಅದೇ ಬಳೆಯಲ್ಲಿ ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಕಡ್ಡಿಯೂ ಇರುವುದುಂಟು. ಇದರ ಅತ್ಯಂತ ಚೆಲುವಾದ ರೂಪವನ್ನು ಕೊಡಗಿನಲ್ಲಿ ಕಾಣಬಹುದು. ಕೊಡವರು ಕುಪ್ಯವನ್ನು ತೊಟ್ಟು, ಚೇಲೆಯನ್ನು ಬಿಗಿದು, ಅದರ ಮುಂಭಾಗದಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಬೆಳ್ಳಿಯ ಕಟ್ಟುಗಳಿಂದ ಅಲಂಕೃತವಾದ ಅದರ ಒರೆಯಿಂದ ಬೆಳ್ಳಿಯ ಸರಪಳಿ ಇಳಿಬಿದ್ದಿರುತ್ತದೆ. ಆ ಸರಪಳಿಯ ತುದಿಯಲ್ಲಿ ಚಿಮಟ, ಗುಗ್ಗೆಕಡ್ಡಿ ಮೊದಲಾದ ಕಿರು ಸಲಕರಣೆಗಳನ್ನು ಜೋಡಿಸುವ ವಾಡಿಕೆಯಿತ್ತು. ಇಂದು ಮದುವೆಮನೆಯಲ್ಲಿ ಅದನ್ನು ನೋಡುವವರು ಬರಿಯ ಆಭರಣವೆಂದು ತಿಳಿಯಬಹುದು. ಕಾಡಿನ ದಾರಿಯಲ್ಲಿ ನಡೆಯುತ್ತಿದ್ದವನಿಗೆ ಅದು ಆಭರಣವೂ ಹೌದು, ಅಗತ್ಯವೂ ಹೌದು.

ಹೊರದೇಶಗಳಲ್ಲಿಯೂ ಈ ಕಲ್ಪನೆ ಹಳೆಯದೇ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ, ಬೆಳ್ಳಿಯ ಮಡಿಚುವ ಉಪಕರಣವೊಂದಿದೆ. ಚಮಚ, ಮುಳ್ಳುಚಮಚ, ಚಾಕು, ಚುಚ್ಚುಗ ಇವೆಲ್ಲ ಅದರ ಒಂದೇ ಹಿಡಿಯಲ್ಲಿ ಅಡಗುತ್ತವೆ. ಆದರೆ ಈ ಬಗೆಯ ಚಾಕುವನ್ನು ಸಾಮಾನ್ಯರ ಜೇಬಿಗೆ ತಂದ ಕೀರ್ತಿ ಸ್ವಿಟ್ಜರ್ಲೆಂಡಿಗೆ ಸಲ್ಲಬೇಕು. ಕಾರ್ಲ್ ಎಲ್ಸೆನರ್ ಎಂಬಾತನು 1884ರಲ್ಲಿ ಇಬಾಕ್ ಎಂಬ ಊರಿನಲ್ಲಿ ಚಾಕುಗಳನ್ನು ತಯಾರಿಸುವ ಕಮ್ಮಟವನ್ನು ತೆರೆದನು. ಸ್ವಿಸ್ ಸೈನ್ಯಕ್ಕೆ ಆಗ ಒಂದು ಹೊಸ ಬಂದೂಕು ಬಂದಿತ್ತು; ಅದನ್ನು ಬಿಚ್ಚಿ ಜೋಡಿಸಲು ತಿರುಪುಳಿ ಬೇಕಾಗಿತ್ತು. ಡಬ್ಬಿಯ ಆಹಾರವನ್ನು ತೆರೆಯಲು ಇನ್ನೊಂದು ಸಲಕರಣೆ ಬೇಕಾಗಿತ್ತು. ಹೀಗೆ ಹುಟ್ಟಿದ ಸೈನಿಕರ ಚಾಕುವನ್ನು ಎಲ್ಸೆನರನು 1891ರಲ್ಲಿ ಸೈನ್ಯಕ್ಕೆ ಒದಗಿಸತೊಡಗಿದನು. ಅದು ಗಟ್ಟಿಯಾದುದು, ಆದರೆ ಭಾರ. ಅವನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. 1897ರಲ್ಲಿ ಅವನು ರೂಪಿಸಿದ ಅಧಿಕಾರಿಗಳ ಚಾಕುವಿನಲ್ಲಿ ಒಂದೇ ಸ್ಪ್ರಿಂಗು ಹಿಡಿಯ ಎರಡು ಬದಿಯ ಸಲಕರಣೆಗಳನ್ನೂ ತಡೆದು ನಿಲ್ಲಿಸುತ್ತಿತ್ತು. ಇದರಿಂದ ಚಾಕು ದಪ್ಪವಾಗದೆ ಅದರಲ್ಲಿ ಇನ್ನೊಂದು ಸಣ್ಣ ಅಲಗಿಗೂ ಬಿರಡೆ ತೆಗೆಯುವ ಸುರುಳಿಗೂ ಎಡೆ ದೊರೆಯಿತು.

ಇದಕ್ಕೂ ಮುಂದಿನ ಹೆಜ್ಜೆಯನ್ನಿಟ್ಟವನು ಅಮೆರಿಕದ ಟಿಮ್ ಲೆದರ್‌ಮನ್. ಅವನು 1975ರಲ್ಲಿ ಹಳೆಯ ಫಿಯಟ್ ಕಾರೊಂದರಲ್ಲಿ ಯೂರೋಪನ್ನು ಸುತ್ತುತ್ತಿದ್ದಾಗ ಅವನ ಜೇಬಿನಲ್ಲಿದ್ದುದು ಒಂದು ಸಾಧಾರಣ ಚಾಕು. ಕಾರು ಮೇಲಿಂದ ಮೇಲೆ ಕೆಡುತ್ತಿತ್ತು. ತಂಗಿದ ಕಡೆಯಲ್ಲಿ ನಲ್ಲಿಗಳು ಸೋರುತ್ತಿದ್ದವು. ಚಾಕುವಿನಿಂದ ಬ್ರೆಡ್ಡು ಕತ್ತರಿಸಬಹುದಿತ್ತೇ ಹೊರತು ಬೋಲ್ಟನ್ನು ಹಿಡಿದು ತಿರುಗಿಸುವಂತಿರಲಿಲ್ಲ. ಇಕ್ಕಳವೊಂದು ಇದರೊಳಗೇ ಇದ್ದಿದ್ದರೆ ಎಂದು ಅವನಿಗೆ ಅನಿಸಿತು. ಊರಿಗೆ ಮರಳಿ ಮಾದರಿಗಳನ್ನು ಮಾಡುತ್ತಾ, ಕೆಡಿಸುತ್ತಾ, ಮತ್ತೆ ಮಾಡುತ್ತಾ ಅವನು ಕಳೆದುದು ಹಲವು ವರ್ಷ. ಮಡಿಚುವ ಇಕ್ಕಳವೇ ನಡುವಿನಲ್ಲಿದ್ದು, ಅದರ ಎರಡು ಹಿಡಿಗಳ ಒಳಗೆ ಚಾಕು, ಅರ, ತಿರುಪುಳಿಗಳು ಅಡಗಿದ್ದ ಉಪಕರಣ ಮಾರಾಟಕ್ಕೆ ಬಂದುದು 1983ರಲ್ಲಿ.

ಅಂಗಡಿಗೆ ಹೋದವರು ಇಂಥ ಎರಡು ಉಪಕರಣಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಸಲಕರಣೆಗಳನ್ನು ಎಣಿಸುತ್ತಾರೆ. ಒಂದರಲ್ಲಿ ಏಳು, ಇನ್ನೊಂದರಲ್ಲಿ ಹದಿನೈದು. ಆದುದರಿಂದ ಹದಿನೈದರದೇ ಮೇಲು ಎಂಬುದು ಅವರ ಲೆಕ್ಕ. ಈ ಲೆಕ್ಕ ಸರಿಯಲ್ಲ. ಹಿಡಿಯೊಳಗೆ ಸೇರುವ ಪ್ರತಿಯೊಂದು ಸಲಕರಣೆಯೂ ತನ್ನ ಜಾಗದ ಬೆಲೆಯನ್ನು ಉಳಿದವುಗಳಿಂದ ವಸೂಲು ಮಾಡುತ್ತದೆ. ಹಿಡಿ ದಪ್ಪವಾಗುತ್ತದೆ, ದಪ್ಪವಾದ ಹಿಡಿಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಹಣ್ಣಿನ ಸಿಪ್ಪೆ ಸುಲಿಯುವುದು ಕಷ್ಟ. ತಿರುಪುಳಿಯು ಹಿಡಿಯ ನಡುಗೆರೆಯಲ್ಲಿರದೆ ಒಂದು ಅಂಚಿನಿಂದ ಹೊರಡುವುದರಿಂದ, ಆಳದಲ್ಲಿ ಹುದುಗಿದ ತಿರುಪನ್ನು ಅದು ತಲುಪಲಾರದು. ಗರಗಸದ ಉದ್ದ ಹಿಡಿಯ ಉದ್ದವನ್ನು ಮೀರುವಂತಿಲ್ಲ. ಒಳ್ಳೆಯ ತಿರುಪುಳಿಯ ಮುಂದೆ ಚಾಕುವಿನ ತಿರುಪುಳಿ ಸೋಲುತ್ತದೆ. ಒಳ್ಳೆಯ ಇಕ್ಕಳದ ಮುಂದೆ ಮಡಿಚುವ ಇಕ್ಕಳ ಸೋಲುತ್ತದೆ. ಅದು ಗೆಲ್ಲುವುದು ಒಂದೇ ಕಡೆ: ಒಳ್ಳೆಯ ಉಪಕರಣಗಳೆಲ್ಲ ಮನೆಯ ಪೆಟ್ಟಿಗೆಯಲ್ಲಿ ಉಳಿದುಹೋದಾಗ.

ಆದುದರಿಂದ ಎಣಿಕೆಗಿಂತ ಮೊದಲು ಪರೀಕ್ಷಿಸಬೇಕಾದುದು ಕೀಲನ್ನು. ಅಲಗನ್ನು ತೆರೆದು ಎಡಬಲಕ್ಕೆ ಅಲುಗಿಸಿದರೆ ಅದು ಅಲ್ಲಾಡಬಾರದು. ತೆರೆದ ಅಲಗು ತಾನಾಗಿ ಮಡಿಚಿಕೊಳ್ಳದಂತೆ ಬೀಗದಂಥ ತಡೆಯಿದೆಯೇ ಎಂಬುದನ್ನೂ ನೋಡಬೇಕು. ಬರಿಯ ಸ್ಪ್ರಿಂಗಿನ ಬಲದಿಂದ ನಿಂತ ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಹಿಂದಕ್ಕೆ ಮಡಿಚಿ ಬೆರಳನ್ನು ಕತ್ತರಿಸಬಲ್ಲುದು. ಅಂಥ ಚಾಕುವಿನಿಂದ ರಂಧ್ರ ಕೊರೆಯಲು ಹೋಗಿ ಗಾಯ ಮಾಡಿಕೊಂಡವರು ಕಡಿಮೆಯಿಲ್ಲ.

ಇನ್ನೊಂದು ಅಪಾಯವನ್ನು ಹೋಲಿಕೆಯ ಯಾವ ಪಟ್ಟಿಯೂ ಎತ್ತಿ ಹೇಳುವುದಿಲ್ಲ. ಯಲಹಂಕದಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ ಮನೆಗೆ ಬರುವ ವಿದ್ಯುತ್ ಕೆಲಸಗಾರನ ಇಕ್ಕಳವನ್ನು ಗಮನಿಸಿದರೆ ಅದರ ಹಿಡಿಗಳಿಗೆ ದಪ್ಪನೆಯ ಹೊದಿಕೆಯಿರುತ್ತದೆ. ಈ ಕೆಲಸಕ್ಕೆಂದೇ ತಯಾರಾದ ಇಕ್ಕಳಗಳ ಮೇಲೆ ಅದು 1000 ವೋಲ್ಟುಗಳವರೆಗೆ ತಡೆಯಬಲ್ಲುದೆಂಬ ಗುರುತೂ ಇರುತ್ತದೆ. ಜೇಬಿನ ಇಕ್ಕಳಕ್ಕೆ ಅಂಥ ಹೊದಿಕೆಯಿಲ್ಲ. ಅದು ತುದಿಯಿಂದ ಹಿಡಿಯವರೆಗೆ ಉಕ್ಕು. ಮನೆಯ ತಂತಿಯಲ್ಲಿ ಹರಿಯುವ 230 ವೋಲ್ಟುಗಳ ವಿದ್ಯುತ್ತು ಅದರ ಮೂಲಕ ನೇರವಾಗಿ ಕೈಗೆ ಬರುತ್ತದೆ. ಚಾಕುವಿನ ಎರಡು ಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ನಂಬಿ ತಂತಿಗೆ ಕೈಹಾಕುವುದೂ ಅಷ್ಟೇ ಅಪಾಯಕರ. ಅವುಗಳ ನಡುವೆ ಲೋಹದ ಅಂಚು ಬೆರಳಿಗೆ ತಾಗುತ್ತಲೇ ಇರುತ್ತದೆ. ತಂತಿಯ ಸಿಪ್ಪೆ ಸುಲಿಯಲು ಕೆಲವು ಚಾಕುಗಳಲ್ಲಿ ಒಂದು ಸಣ್ಣ ಕಚ್ಚು ಇರುವುದು ನಿಜ. ಆದರೆ ಅದಿರುವುದು ವಿದ್ಯುತ್ ಹರಿಯದ ತಂತಿಗಾಗಿ.

ಕೊಂಡ ಚಾಕು ಎಲ್ಲರ ಕೈಗೂ ಹಾಗೆಯೇ ಒಗ್ಗುವುದಿಲ್ಲ. ಆಗ ಅದನ್ನು ತಿದ್ದಿಕೊಳ್ಳುವ ಆಸೆ ಹುಟ್ಟುತ್ತದೆ. ಇದು ಒಳ್ಳೆಯ ಆಸೆಯೇ. ಕೆಲವರು ಹಿಡಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆದು ಬೀಟೆಯ ಮರದವನ್ನು ಕೂರಿಸುತ್ತಾರೆ. ಕೆಲವರು ಎಂದೂ ಬಳಸದ ಬಿರಡೆಯ ಸುರುಳಿಯಲ್ಲಿ ಕನ್ನಡಕದ ತಿರುಪಿಗೆ ಹೊಂದುವ ಪುಟ್ಟ ತಿರುಪುಳಿಯನ್ನು ಸುತ್ತಿಡುತ್ತಾರೆ. ಇನ್ನು ಕೆಲವರು ಎರಡು ಚಾಕುಗಳ ಕೀಲುಮೊಳೆಗಳನ್ನು ಬಿಡಿಸಿ, ತಮಗೆ ಬೇಕಾದ ಸಲಕರಣೆಗಳನ್ನು ಮಾತ್ರ ಆರಿಸಿ ಒಂದಾಗಿ ಜೋಡಿಸುತ್ತಾರೆ. ಕೀಲಿನಲ್ಲಿ ಮೊಳೆಗೆ ಬದಲು ತಿರುಪು ಇರುವ ಉಪಕರಣಗಳಲ್ಲಿ ಇದು ಸುಲಭ. ಮೊಳೆ ಬಡಿದವುಗಳಲ್ಲಿ ಕಷ್ಟ. ಹೀಗೆ ಬಿಚ್ಚಿದ ಮೇಲೆ ತಯಾರಕರ ಹೊಣೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ತಿದ್ದುವವರು ಬಹಳವಾಗಿ ಎಡವುವುದು ಸಾಣೆಯ ಬಳಿಯಲ್ಲಿ. ಉತ್ತರ ಬೆಂಗಳೂರು ಉಕ್ಕಿನ ಕೆಲಸವನ್ನು ಬಲ್ಲ ನೆಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆ ಆರಂಭವಾಯಿತು; ಯಲಹಂಕದಲ್ಲಿ ರೈಲುಗಾಲಿಗಳ ಕಾರ್ಖಾನೆ ಬಂದಿತು; ಪೀಣ್ಯದ ಓಣಿಗಳಲ್ಲಿ ಸಣ್ಣ ಕಾರ್ಯಾಗಾರಗಳು ತುಂಬಿಕೊಂಡವು. ಆದುದರಿಂದ ವಿದ್ಯುತ್ತಿನ ಸಾಣೆಯಂತ್ರ ಯಾರಿಗೂ ದೂರವಿಲ್ಲ. ಅಲಗಿನ ತುದಿಯನ್ನು ಬೇರೆ ಆಕಾರಕ್ಕೆ ತರಬೇಕೆಂದು ಅದನ್ನು ಯಂತ್ರಕ್ಕೆ ಒತ್ತಿದರೆ ಕ್ಷಣದಲ್ಲಿ ಕಿಡಿ ಹಾರಿ ಆಕಾರವೇನೋ ಬರುತ್ತದೆ. ಆದರೆ ಆ ತೆಳುವಾದ ಅಂಚು ಕಾದು ಮೊದಲು ಹುಲ್ಲಿನ ಹಳದಿಗೆ, ಆಮೇಲೆ ಕಂದಿಗೆ, ಕೊನೆಗೆ ನೀಲಿಗೆ ತಿರುಗುತ್ತದೆ. ಸಾಧಾರಣ ಇಂಗಾಲದ ಉಕ್ಕಿನಲ್ಲಿ ನೀಲಿ ಬಣ್ಣ ಕಾಣುವುದು ಸುಮಾರು 300 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಅಷ್ಟು ಕಾದ ಅಂಚಿನ ಹದ ಹೋಯಿತೆಂದೇ ತಿಳಿಯಬೇಕು. ಅದು ಮೆತ್ತಗಾಗುತ್ತದೆ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಹದವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ ಹೊಳೆಯುವ ಅಲಗನ್ನು ನೋಡಿ ತಿದ್ದಿದವನು ಹಿಗ್ಗುತ್ತಾನೆ. ಹಳೆಯ ಬೀದಿಗಳಲ್ಲಿ ಸೈಕಲ್ ತುಳಿದು ಸಾಣೆ ತಿರುಗಿಸುತ್ತಿದ್ದವನು ಅಲಗನ್ನು ಮೆಲ್ಲಗೆ ತಾಗಿಸಿ, ಆಗಾಗ ನೀರಿಗೆ ಅದ್ದುತ್ತಿದ್ದುದು ಈ ಕಾರಣಕ್ಕಾಗಿಯೇ.

ಈ ಮಾತಿನ ನಿಜವನ್ನು ತಿಳಿಯಲು ಹೆಬ್ಬಾಳದ ಕಡೆಗೆ ಬರಬೇಕು. ಇಲ್ಲಿ 1946ರಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಸ್ವಲ್ಪ ದೂರದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಸುತ್ತಲಿನ ಸಸ್ಯಕ್ಷೇತ್ರಗಳಲ್ಲಿ ಕಸಿ ಕಟ್ಟುವವರ ಜೇಬಿನಲ್ಲಿರುವ ಚಾಕು ನೋಡಲು ಬಡವಾದುದು. ಅದರಲ್ಲಿರುವುದು ಎರಡೇ ಸಲಕರಣೆ: ಒಂದು ಹರಿತವಾದ ಅಲಗು, ಇನ್ನೊಂದು ಮೂಳೆಯ ಅಥವಾ ಹಿತ್ತಾಳೆಯ ಮೊಂಡಾದ ನಾಲಗೆ.

ಗುಲಾಬಿಗೆ ಕಣ್ಣುಕಸಿ ಮಾಡುವಾಗ ಬೇರುಗಿಡದ ತೊಗಟೆಯಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಗೀರು ಹಾಕುತ್ತಾರೆ. ಗೀರು ತೊಗಟೆಯನ್ನು ಸೀಳಬೇಕು, ಒಳಗಿನ ಮರಕ್ಕೆ ಗಾಯವಾಗಬಾರದು. ಆಮೇಲೆ ಮೊಂಡು ನಾಲಗೆಯಿಂದ ತೊಗಟೆಯ ಅಂಚುಗಳನ್ನು ಮೆಲ್ಲನೆ ಎಬ್ಬಿಸಿ, ಒಳ್ಳೆಯ ಜಾತಿಯ ಗಿಡದಿಂದ ತೆಗೆದ ಕಣ್ಣನ್ನು ಅದರೊಳಗೆ ಜಾರಿಸಿ ಪಟ್ಟಿಯಿಂದ ಕಟ್ಟುತ್ತಾರೆ. ತೊಗಟೆಗೂ ಮರಕ್ಕೂ ನಡುವಿರುವ ತೆಳುವಾದ ಜೀವಪದರಗಳು ಒಂದನ್ನೊಂದು ತಾಗಿದರೆ ಮಾತ್ರ ಕಸಿ ಕೂಡುತ್ತದೆ. ಮೊಂಡು ಅಲಗು ಈ ಪದರವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ.

ಕೊಂಬೆಕಸಿಗೆ ಬಳಸುವ ಚಾಕುವಿನ ಅಲಗನ್ನು ಎರಡು ಬದಿಯಲ್ಲಿ ಮಸೆದಿರುವುದಿಲ್ಲ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಪೂರ್ತಿ ಸಮತಟ್ಟು. ಸಮತಟ್ಟಾದ ಬದಿ ಕೊಂಬೆಯ ಮೇಲೆ ಒರಗಿ ಸಾಗುವುದರಿಂದ ಕಡಿತವೂ ಸಮತಟ್ಟಾಗುತ್ತದೆ. ಮಾವಿನ ಕಸಿಕಡ್ಡಿಯ ಮೈ ಬೇರುಗಿಡದ ಮೈಗೆ ಎಡೆಯಿಲ್ಲದಂತೆ ಹೊಂದುತ್ತದೆ. ಆದರೆ ಇಂಥ ಚಾಕು ಬಲಗೈಯವರಿಗೆಂದು ಮಸೆದುದಾದರೆ ಎಡಗೈಯವರಿಗೆ ಒದಗದು. ಅವರ ಕೈಯಲ್ಲಿ ಇಳಿಜಾರಿನ ಬದಿಯೇ ಕೊಂಬೆಗೆ ತಾಗಿ ಕಡಿತ ಬಾಗುತ್ತದೆ. ಎಡಗೈಯವರಿಗಾಗಿ ಬೇರೆ ಚಾಕುಗಳು ತಯಾರಾಗುತ್ತವೆ. ಅದು ದೊರೆಯದಿದ್ದಲ್ಲಿ ಇದ್ದ ಚಾಕುವನ್ನೇ ತಿದ್ದಿಕೊಳ್ಳಬೇಕು. ಅದಕ್ಕೆ ಯಂತ್ರವನ್ನು ಮುಟ್ಟುವಂತಿಲ್ಲ. ನೀರು ಹನಿಸಿದ ಸಾಣೆಕಲ್ಲಿನ ಮೇಲೆ ಒಂದು ಬದಿಯನ್ನು ಸಮತಟ್ಟಾಗುವವರೆಗೆ, ಇನ್ನೊಂದು ಬದಿಯಲ್ಲಿ ಹೊಸ ಇಳಿಜಾರು ಮೂಡುವವರೆಗೆ ಕೈಯಿಂದಲೇ ಮಸೆಯಬೇಕು. ಗಂಟೆಗಟ್ಟಲೆ ಹಿಡಿಯುವ ಕೆಲಸವಾದರೂ ಅಲಗು ಕಾಯುವುದಿಲ್ಲ, ಹದ ಕೆಡುವುದಿಲ್ಲ.

ಮಸೆದ ಅಲಗನ್ನು ಒಂದು ಹಸಿಕಡ್ಡಿಯ ಮೇಲೆ ಎಳೆದು, ಕಡಿತದ ಮೈಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನಾರು ಎದ್ದಿದ್ದರೆ ಮತ್ತೆ ಕಲ್ಲಿಗೆ. ಮೈ ನುಣುಪಾಗಿದ್ದರೆ ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿ ಗಿಡದ ಬಳಿ ಕೂರುತ್ತಾರೆ. ಗುಲಾಬಿಯ ಕಣ್ಣಾದರೆ ಮೂರು ವಾರಗಳ ಹೊತ್ತಿಗೆ ಕಟ್ಟಿನ ಒಳಗೆ ನಡೆದುದು ತಿಳಿಯುತ್ತದೆ. ಕಣ್ಣು ಹಸಿರಾಗಿ ಉಬ್ಬಿದ್ದರೆ ಪಟ್ಟಿಯನ್ನು ಸಡಿಲಿಸುತ್ತಾರೆ. ಕಪ್ಪಾಗಿ ಒಣಗಿದ್ದರೆ, ಅನುಭವವುಳ್ಳವರು ಮಣ್ಣನ್ನೂ ಮಳೆಯನ್ನೂ ಬೈಯುವುದಕ್ಕೆ ಮುಂಚೆ ಜೇಬಿನಿಂದ ಚಾಕುವನ್ನು ತೆಗೆದು ಅದರ ಅಂಚನ್ನು ನೋಡುತ್ತಾರೆ.