ಸೇತುವೆಯ ನಡುವಿಂದ ತಿರುಗಬೇಡ

ಮಗಾ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಶೃಂಗೇರಿಗೆ ಹೊರಟಿದ್ದೀಯಂತೆ. ಶಾರದಮ್ಮನ ದರ್ಶನದ ವಿಷಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ತುಂಗೆಯ ಮೇಲಿನ ವಿದ್ಯಾತೀರ್ಥ ಸೇತುವೆಯ ಬಗ್ಗೆ.

ಅದು ಕಾಲುಸೇತುವೆ. ಈಚೆ ದಡದಲ್ಲಿ ದೇವಸ್ಥಾನಗಳು, ಆಚೆ ದಡದಲ್ಲಿ ಗುರುಗಳಿರುವ ನರಸಿಂಹವನ. ಹಿಂದೆ ದಾಟುವುದಕ್ಕೆ ದೋಣಿಯೇ ಗತಿ. ಆಷಾಢದ ಹೊಳೆಯಲ್ಲಿ ದೋಣಿ ಎಂದರೆ ಏನೆಂದು ಮಲೆನಾಡಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಬರುವವರಲ್ಲಿ ಎಷ್ಟೋ ಜನ ನಡುವಿನ ತನಕ ನಡೆದು, ಫೋಟೊ ಹೊಡೆದು, ಅಲ್ಲಿಂದಲೇ ವಾಪಸು. ವೆನಿಸ್ಸಿನಲ್ಲಿ ರಿಯಾಲ್ಟೊ ಎಂಬ ಕಲ್ಲಿನ ಸೇತುವೆಯಿದೆ, 1591ರದ್ದು. ಅದರ ಮೇಲೆಯೇ ಅಂಗಡಿಸಾಲು. ಅಲ್ಲಿ ನಿಂತರೆ ವ್ಯಾಪಾರ, ಚಂದ. ನಮ್ಮದರ ಮೇಲೆ ನಿಲ್ಲಲಿಕ್ಕೆ ಎಂತದೂ ಇಲ್ಲ ಮಾರಾಯ, ದಾಟಲಿಕ್ಕೆ ಇದೆ. ಪೂರ್ತಿ ದಾಟು. ಆಚೆ ಹಿಂದಿನ ಜಗದ್ಗುರುಗಳ ಅಧಿಷ್ಠಾನಗಳಿವೆ, ಮರದ ನೆರಳಿದೆ, ಮಾತು ತಾನಾಗಿ ತಗ್ಗುತ್ತದೆ. ಗುರುದರ್ಶನದ ಸಮಯ ಯಾವುದೆಂದು ಮಠದ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೋ. ಪಾದಪೂಜೆ ಮಾಡಿಸುವುದಾದರೆ ಪಂಚೆ, ಶಲ್ಯ ಬೇಕು; ಜೀನ್ಸ್ ಹಾಕಿಕೊಂಡು ಬಂದು ಆಮೇಲೆ ಅಂಗಡಿ ಹುಡುಕಬೇಡ.

ಮಕ್ಕಳು ಮೊದಲು ಎಳೆಯುವುದು ಸ್ನಾನಘಟ್ಟದ ಮೀನಿನ ಕಡೆಗೇ. ಅಷ್ಟು ದೊಡ್ಡ ಮೀನು ಕೈಗೆಟುಕುವಷ್ಟು ಹತ್ತಿರ ಬರುವುದು ಅಲ್ಲಿ ಹಿಡಿಯುವ ಹಾಗಿಲ್ಲವಾದ್ದರಿಂದ. ಮಂಡಕ್ಕಿ ಹಾಕಲಿ, ಬೇಡ ಅನ್ನುವುದಿಲ್ಲ. ಚಿಪ್ಸು ಬೇಡ, ಖಾಲಿ ಕವರು ಹೊಳೆಗಂತೂ ಬೇಡವೇ ಬೇಡ.

ಮಳೆಗಾಲವಾದರೆ ಇನ್ನೊಂದು ಮಾತು. ಊರಿನಲ್ಲಿ ಹೊಳವಾಗಿದೆ ಎಂದು ಹೊಳೆಯನ್ನು ನಂಬಬಾರದು. ತುಂಗೆ ಹುಟ್ಟುವುದು ಮೇಲೆ ಗಂಗಾಮೂಲದಲ್ಲಿ. ಕುದುರೆಮುಖದ ಕಡೆ ಜಡಿಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಹೊಳೆಯ ಬದಿಗೆ ಕಪ್ಪೆ ಶಂಕರ ಇದೆ. ಹೆರಿಗೆಯ ಬೇನೆಯಲ್ಲಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಶಂಕರಾಚಾರ್ಯರು ಕಂಡರು ಎಂಬ ಐತಿಹ್ಯದ ಜಾಗ. ಕಪ್ಪೆ ಶಂಕರ ಮುಳುಗಿದರೆ ಹೊಳೆ ಬಂತೆಂದೇ ಊರಿನವರ ಲೆಕ್ಕ. ಅದು ಕಾಣಿಸದ ದಿನ ಮೀನನ್ನು ಸೇತುವೆಯ ಮೇಲಿಂದ ಹುಡುಕಿದರೆ ಸಾಕು, ಮೆಟ್ಟಿಲಿಗೆ ಇಳಿಯುವುದು ಬೇಡ. ನೀರು ಕಮ್ಮಿಯಿದ್ದಾಗಲೂ ಪಾಚಿ ಜಾರುತ್ತದೆ. ಸಣ್ಣವಳ ಕೈ ಬಿಡಬೇಡ.

ವಿದ್ಯಾಶಂಕರ ದೇವಸ್ಥಾನಕ್ಕೆ ಹೊತ್ತು ಇಟ್ಟುಕೋ. 1338ರದ್ದು ಎನ್ನುತ್ತಾರೆ, ಹನ್ನೆರಡು ರಾಶಿಕಂಬಗಳಿವೆ. ನಿನ್ನ ಹೆಂಡತಿ ಚಿತ್ರ ಬರೆಯುವವಳು, ಅವಳನ್ನು ಅಲ್ಲಿ ಅವಸರ ಮಾಡಿ ಎಬ್ಬಿಸಬೇಡ. ನೀನು ಬೇಕಾದರೆ ಮಕ್ಕಳನ್ನು ಕರೆದುಕೊಂಡು ಮೊದಲು ಹೋಗಿ ಪ್ರಸಾದದ ಊಟಕ್ಕೆ ಸಾಲು ಹಿಡಿ.